ಕಾಲ್ಚೆಂಡಾಟವನ್ನು ಕಾಣುವವರಿಗೆ ಹೇಳುವುದೇನು?



ಕಣ್ಣಿಲ್ಲದ ಪೆಟ್ಟಿಗೆಯ ಮುಂದೆ ಕುಳಿತು ಕಣ್ಣುಳ್ಳ ಪೆಟ್ಟಿಗೆಯ ವಿಚಾರವಾಗಿ ಮಾತನಾಡುವುದು ಒಂದು ವಿನೋದವೇ ಸರಿ. ಆದರೂ ಈ ಹೊತ್ತು ನಾನು ಆಡಬೇಕೆಂದಿರುವ ಮಾತಿಗೆ ರೇಡಿಯೋವೇ ತಕ್ಕ ಸ್ಥಳವೆಂದು ನನಗೆ ತೋರುತ್ತದೆ. ಟೆಲಿವಿಷನ್ನಿನಲ್ಲಿ ಕಾಲ್ಚೆಂಡಾಟವನ್ನು ತೋರಿಸುವಾಗ ಚಿತ್ರದೊಡನೆ ಒಂದು ಮಾತೂ ಬರುತ್ತದಷ್ಟೆ. ಪತ್ರಿಕೆಯವರು ಅದನ್ನು ವೀಕ್ಷಕ ವಿವರಣೆ ಎನ್ನುತ್ತಾರೆ. ಉಳಿದವರೆಲ್ಲರೂ ಕಾಮೆಂಟರಿ ಎನ್ನುತ್ತಾರೆ. ಆ ಮಾತು ಹೇಗಿರಬೇಕು, ಹೇಗಿದೆ, ಕನ್ನಡದಲ್ಲಿ ಅದರ ಗತಿಯೇನು ಎಂಬುದೇ ಇಂದಿನ ವಿಷಯ.

ಇದನ್ನು ಕುರಿತು ಮಾತನಾಡಲು ನನಗಿರುವ ಅಧಿಕಾರ ಬಹಳ ಅಲ್ಪವಾದುದು. ನಾನು ಆಟಗಾರನಲ್ಲ, ಪತ್ರಿಕೆಯವನೂ ಅಲ್ಲ. ತುಮಕೂರು ತಾಲ್ಲೂಕಿನ ವಸಂತನರಸಾಪುರದವನು. ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿಯಲ್ಲಿ ಹೋಗುವವರು ನಮ್ಮ ಊರಿನ ಹೆಸರನ್ನು ಹಲಗೆಯ ಮೇಲೆ ಓದಿರಬಹುದು. ಹಿಂದೆ ರಾಗಿಯ ಹೊಲ, ಹುಣಿಸೆಯ ಮರ, ಕುರಿಮಂದೆ ಇವೇ ಇಲ್ಲಿಯ ಐಶ್ವರ್ಯ. ಈಗ ಕೈಗಾರಿಕಾ ಪ್ರದೇಶ. 2014ನೆಯ ಇಸವಿ ಸೆಪ್ಟೆಂಬರ್ 24ರಂದು ಪ್ರಧಾನಮಂತ್ರಿಗಳು ಇಲ್ಲಿಯ ಆಹಾರೋದ್ಯಾನವನ್ನು ಉದ್ಘಾಟಿಸಿದರು. ಕಾರ್ಖಾನೆಗಳು ಬಂದುವು, ಅವುಗಳ ಹಿಂದೆಯೇ ಬಂಗಾಳದವರು, ಒಡಿಯಾದವರು, ಅಸ್ಸಾಮಿನವರು, ಮಲಯಾಳದವರು ಬಂದರು. ಅವರಲ್ಲಿ ಹಲವರು ತಮ್ಮ ಪೆಟ್ಟಿಗೆಗಳೊಡನೆ ಕಾಲ್ಚೆಂಡಾಟದ ಹುಚ್ಚನ್ನೂ ತಂದರು. ಹೆದ್ದಾರಿಯ ಪಕ್ಕದಲ್ಲಿ ಒಂದು ಹೋಟೆಲು ಇದೆ. ಅದರ ಗೋಡೆಯ ಮೇಲೆ ಒಂದು ಟೆಲಿವಿಷನ್. ಕ್ರಿಕೆಟ್ಟಿಲ್ಲದ ರಾತ್ರಿ ಅಲ್ಲಿ ಕಾಲ್ಚೆಂಡಾಟ. ಚಹಾ ಕುಡಿಯುವ ನೆಪದಲ್ಲಿ ಕೆಲವು ವರ್ಷಗಳಿಂದ ನಾನೂ ಅಲ್ಲಿ ಕುಳಿತವನು. ನನ್ನ ಅಧಿಕಾರವೆಂದರೆ ಇಷ್ಟೆ. ಇನ್ನೊಂದುಂಟು, ಅದನ್ನು ಮುಂದೆ ಹೇಳುತ್ತೇನೆ.

2023ನೆಯ ಇಸವಿ ಮಾರ್ಚ್ 3ನೆಯ ತಾರೀಖು. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ತಂಡಕ್ಕೂ ಕೇರಳ ಬ್ಲಾಸ್ಟರ್ಸ್ ತಂಡಕ್ಕೂ ಪಂದ್ಯ. ಸೋತವರು ಮನೆಗೆ, ಗೆದ್ದವರು ಸೆಮಿಫೈನಲ್ಲಿಗೆ. ತೊಂಬತ್ತು ನಿಮಿಷ ಮುಗಿದರೂ ಒಬ್ಬರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಕಾಲ ಆರಂಭವಾಗಿ ಕೆಲವೇ ನಿಮಿಷಗಳಾಗಿದ್ದುವು. ಗೋಲಿಗೆ ಹತ್ತಿರದಲ್ಲಿ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಕೇರಳದ ಗೋಲ್‌ಕೀಪರು ತನ್ನವರನ್ನು ಗೋಡೆಯಂತೆ ನಿಲ್ಲಿಸಲು ಇನ್ನೂ ಕೈತೋರಿಸುತ್ತಿದ್ದ. ಅಷ್ಟರಲ್ಲಿ ಸುನಿಲ್ ಛೇತ್ರಿ ಚೆಂಡನ್ನು ಮೆಲ್ಲನೆ ಎತ್ತಿ ಗೋಲಿನೊಳಕ್ಕೆ ಒದ್ದರು. ರೆಫರಿ ಗೋಲೆಂದು ತೀರ್ಪು ಕೊಟ್ಟರು. ಕೇರಳದವರು ಮುತ್ತಿಕೊಂಡರು, ವಾದಿಸಿದರು. ಕಡೆಗೆ ಅವರ ತರಬೇತುದಾರ ತನ್ನ ಆಟಗಾರರನ್ನು ಮೈದಾನದಿಂದ ಹೊರಕ್ಕೆ ಕರೆದುಬಿಟ್ಟ. ಸ್ವಲ್ಪ ಹೊತ್ತು ಕಾದು, ಬೆಂಗಳೂರು ಗೆದ್ದಿತೆಂದು ಸಾರಲಾಯಿತು.

ನಮ್ಮ ಹೋಟೆಲಿನಲ್ಲಿ ಆ ಕ್ಷಣದಲ್ಲಿ ಮೂವತ್ತು ಮಂದಿಯಾದರೂ ಇದ್ದರು. ಅರ್ಧ ಮಲಯಾಳದವರು, ಅರ್ಧ ನಮ್ಮವರು. ಗೋಲು ಹೇಗಾಯಿತೆಂಬುದನ್ನು ಎಲ್ಲರೂ ಕಂಡಿದ್ದರು. ಅದು ಹೇಗೆ ನ್ಯಾಯವಾಯಿತೆಂಬುದು ಒಬ್ಬರಿಗೂ ತಿಳಿಯದು. ಎಲ್ಲರೂ ಏಕಕಾಲದಲ್ಲಿ ಗೋಡೆಯ ಕಡೆಗೆ ತಿರುಗಿದರು. ಕಣ್ಣಿಗಾಗಿ ತಿರುಗಿದವರಲ್ಲ, ಕಿವಿಗಾಗಿ ತಿರುಗಿದವರು. ಅಷ್ಟು ದಿವಸಗಳಲ್ಲಿ ಮೊಟ್ಟಮೊದಲ ಬಾರಿಗೆ ಆ ಮೂವತ್ತು ಮಂದಿಗೆ ವಿವರಣೆಗಾರನ ಮಾತು ನಿಜವಾಗಿ ಬೇಕಾಗಿತ್ತು. ಆತನಾದರೋ, ಇದೇನಾಯಿತು, ಇದೇನಾಯಿತು, ನಂಬಲಾಗುತ್ತಿಲ್ಲ, ಎಂತಹ ನಾಟಕ, ಎಂತಹ ರೋಮಾಂಚನ ಎಂದು ಕೂಗುತ್ತಲೇ ಇದ್ದ. ಆ ವಿವರಣೆ ಯಾವ ಭಾಷೆಯದು, ಯಾರದು ಎಂಬುದನ್ನು ನಾನು ಹೇಳುವುದಿಲ್ಲ. ಹೇಳಿದರೆ ನ್ಯಾಯವೂ ಅಲ್ಲ. ಹೋಟೆಲಿನಲ್ಲಿ ಮಾತಿಗೆ ಮಾತು ಬೆಳೆಯಿತು. ಒಂದು ಗಾಜಿನ ಲೋಟ ಒಡೆಯಿತು. ಯಜಮಾನರು ಟೆಲಿವಿಷನ್ನನ್ನು ಆರಿಸಿ ಎಲ್ಲರನ್ನೂ ಮನೆಗೆ ಕಳುಹಿಸಿದರು.

ನಾನು ಮನೆಗೆ ಬಂದಾಗ ನಮ್ಮಣ್ಣ ಇನ್ನೂ ಮಲಗಿರಲಿಲ್ಲ. ಇದೇ ನಾನು ಮುಂದೆ ಹೇಳುತ್ತೇನೆಂದ ಮಾತು. ನಮ್ಮಣ್ಣನವರಿಗೆ ಎಂಬತ್ತು ದಾಟಿದೆ. ಯೌವನದಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಬರಿಗಾಲಿನಲ್ಲಿ ಕಾಲ್ಚೆಂಡಾಡಿದವರು. ಗ್ಲಾಕೋಮಾ ಎಂಬ ರೋಗದಿಂದ ಅವರ ದೃಷ್ಟಿ ಹೋಗಿ ಹತ್ತು ವರ್ಷಗಳ ಮೇಲಾಯಿತು. ಆದರೂ ಪಂದ್ಯವಿರುವ ರಾತ್ರಿ ಮನೆಯ ಟೆಲಿವಿಷನ್ನಿನ ಮುಂದೆ ಕುಳಿತುಕೊಳ್ಳುತ್ತಾರೆ. ಆ ರಾತ್ರಿ ಅವರಿಗೆ ಕೇಳಿಸಿದ್ದು ಒಂದು ಕೂಗು, ಬಳಿಕ ಗದ್ದಲ, ಬಳಿಕ ಮತ್ತೂ ಕೂಗು. ನಾನು ಚಪ್ಪಲಿ ಬಿಡುತ್ತಿದ್ದಂತೆಯೇ, "ಏನಾಯ್ತೋ? ಗೋಲಂತೆ, ಆಮೇಲೆ ಯಾರೂ ಆಡ್ತಾ ಇಲ್ಲವಂತೆ" ಎಂದರು. ಕಂಡದ್ದನ್ನು ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ರೆಫರಿ ಸಿಳ್ಳು ತೋರಿಸಿ, ನಾನು ಊದೋವರೆಗೂ ನಿಲ್ಲು ಅಂದಿದ್ದನೇನು?"

ಇಡೀ ವ್ಯಾಜ್ಯ ಆ ಪ್ರಶ್ನೆಯಲ್ಲಿ ಅಡಗಿದೆ. ಫ್ರೀ ಕಿಕ್ ಎಂಬುದು ತಪ್ಪಿಗೆ ಗುರಿಯಾದ ಪಕ್ಷಕ್ಕೆ ಸಲ್ಲುವ ಪರಿಹಾರ. ಎದುರಾಳಿಗಳು ದೂರಕ್ಕೆ ಸರಿದು ಗೋಡೆ ಕಟ್ಟಿಕೊಳ್ಳುವವರೆಗೆ ಒದೆಯುವವನು ಕಾದಿರಬೇಕೆಂಬ ನಿಯಮವಿಲ್ಲ. ರೆಫರಿಯು ತನ್ನ ಸಿಳ್ಳಿಗಾಗಿ ಕಾಯಬೇಕೆಂದು ಸೂಚಿಸಿದ್ದರೆ ಮಾತ್ರ ಕಾಯಬೇಕು. ಇಲ್ಲವಾದರೆ ತಟ್ಟನೆ ಒದೆಯಬಹುದು. ಸೂಚಿಸಿದ್ದರೇ ಇಲ್ಲವೇ ಎಂಬುದೊಂದೇ ಅಲ್ಲಿ ವಿಚಾರಕ್ಕೆ ಬರತಕ್ಕ ಸಂಗತಿ. ಮುಂದೆ ಕೇರಳದವರು ಸಲ್ಲಿಸಿದ ದೂರನ್ನು ಕಾಲ್ಚೆಂಡಾಟದ ಅಖಿಲ ಭಾರತ ಮಂಡಳಿಯವರು ತಳ್ಳಿಹಾಕಿದರು. ಮೈದಾನವನ್ನು ಬಿಟ್ಟುಹೋದುದಕ್ಕಾಗಿ ನಾಲ್ಕು ಕೋಟಿ ರೂಪಾಯಿಗಳ ದಂಡವನ್ನೂ ವಿಧಿಸಿದರು. ಅದಿರಲಿ. ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಬಹುದಾದ ಈ ನಿಯಮವನ್ನು ಪೆಟ್ಟಿಗೆಯೊಳಗಿನ ಕಣ್ಣುಳ್ಳವರು ಆ ಹೊತ್ತಿನಲ್ಲಿ ಹೇಳಲಿಲ್ಲ. ಆಟವನ್ನು ಕಾಣದೆ ಮನೆಯಲ್ಲಿ ಕುಳಿತಿದ್ದ ಮುದುಕರು ಹೇಳಿದರು. ಅಂದಿನಿಂದ ಈ ವಿಚಾರ ನನ್ನ ತಲೆಯನ್ನು ಹೊಕ್ಕಿತು.

ಇಂಗ್ಲೆಂಡಿನಲ್ಲಿ ಆಟದ ವಿವರಣೆಯೆಂಬ ವಿದ್ಯೆ ಹುಟ್ಟಿದ್ದು ರೇಡಿಯೋದಲ್ಲಿ, ಅದೂ ಒಬ್ಬ ಅಂಧನ ಸಮ್ಮುಖದಲ್ಲಿ ಎಂಬುದು ಅನೇಕರಿಗೆ ತಿಳಿದಿರಲಾರದು. 1927ನೆಯ ಇಸವಿ ಜನವರಿ 15ರಂದು ಇಂಗ್ಲೆಂಡಿನ ಟ್ವಿಕನ್‌ಹ್ಯಾಮಿನಲ್ಲಿ ನಡೆದ ರಗ್ಬಿ ಪಂದ್ಯವನ್ನು ಬಿ.ಬಿ.ಸಿ.ಯವರು ಪ್ರಸಾರಮಾಡಿದರು. ವಿವರಿಸಿದವರು ವೇಕ್‌ಲಮ್ ಎಂಬ ಹಳೆಯ ಆಟಗಾರರು. ಅವರಿಗೆ ಈ ಕೆಲಸ ಹೊಸದು. ಯಾರಿಗೆ ಹೇಳುವುದು, ಏನನ್ನು ಹೇಳುವುದು ತಿಳಿಯದು. ಆಗ ಪ್ರಸಾರವನ್ನು ಏರ್ಪಡಿಸಿದವರು ಒಂದು ಉಪಾಯ ಮಾಡಿದರು. ದೃಷ್ಟಿ ಕಳೆದುಕೊಂಡವರ ಒಂದು ಸಂಸ್ಥೆಯಿಂದ ಒಬ್ಬರನ್ನು ಕರೆತಂದು ಅವರ ಮುಂದೆ ಕುಳ್ಳಿರಿಸಿ, ಇವರಿಗೆ ಹೇಳಿ, ಸಾಕು ಎಂದರು. ಒಂದು ವಾರ ಕಳೆದು, ಜನವರಿ 22ರಂದು, ಲಂಡನ್ನಿನ ಹೈಬರಿಯಲ್ಲಿ ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ತಂಡಗಳ ಕಾಲ್ಚೆಂಡಾಟವನ್ನೂ ಅವರೇ ವಿವರಿಸಿದರು. ಅದಕ್ಕೆ ಮುಂಚಿತವಾಗಿಯೇ ಮೈದಾನವನ್ನು ಎಂಟು ಚೌಕಗಳಾಗಿ ಭಾಗಿಸಿ, ಅಂಕಿ ಹಾಕಿ, ನಕ್ಷೆಯನ್ನು ರೇಡಿಯೋ ಪತ್ರಿಕೆಯಲ್ಲಿ ಅಚ್ಚುಹಾಕಿಸಿದ್ದರು. ಒಬ್ಬರು ಆಟವನ್ನು ವರ್ಣಿಸುತ್ತಿರುವಾಗ ಇನ್ನೊಬ್ಬರು ಚೆಂಡು ಯಾವ ಚೌಕದಲ್ಲಿದೆಯೆಂಬ ಅಂಕಿಯನ್ನು ಹೇಳುತ್ತಿದ್ದರು. ಮನೆಯಲ್ಲಿದ್ದವರು ನಕ್ಷೆಯ ಮೇಲೆ ಬೆರಳಿಟ್ಟುಕೊಂಡು ಆಟವನ್ನು ಕಂಡರು.

ನಮ್ಮವರಿಗೆ ಇದು ಹೊಸ ಕಥೆಯೇನೂ ಅಲ್ಲ. ಧೃತರಾಷ್ಟ್ರನಿಗೆ ಸಂಜಯನು ಕುರುಕ್ಷೇತ್ರವನ್ನು ಹೇಳಿದುದನ್ನು ಕೇಳಿಯೇ ನಾವು ಬೆಳೆದವರು. ಸಂಜಯನ ಧರ್ಮ ಸ್ಪಷ್ಟವಾಗಿದೆ: ಅರಸನು ಕಾಣಲಾರ, ತಾನು ಕಾಣಬಲ್ಲ, ಕಂಡದ್ದನ್ನು ಅರಸನ ಮಕ್ಕಳ ಮರಣವಾದರೂ ಸರಿಯೆ, ಮುಚ್ಚದೆ ಹೇಳಬೇಕು.

ಟೆಲಿವಿಷನ್ ಬಂದಮೇಲೆ ಸಂಜಯನ ಪಾಡು ಏನಾಯಿತು? ಅರಸನಿಗೆ ಕಣ್ಣು ಬಂದುಬಿಟ್ಟಿತು. ಚೆಂಡು ಬಲಗಡೆ ಹೋಯಿತೆಂದು ಇನ್ನು ಹೇಳಬೇಕಾದ್ದಿಲ್ಲ. ಆದರೆ ಸಂಜಯನಿಗೆ ಬಾಯಿ ಕಟ್ಟಿಕೊಂಡು ಅಭ್ಯಾಸವಿಲ್ಲ. ಕಾಲ್ಚೆಂಡಾಟವನ್ನು ಟೆಲಿವಿಷನ್ನಿನಲ್ಲಿ ಮೊದಲು ತೋರಿಸಿದ್ದು 1937ರ ಸೆಪ್ಟೆಂಬರ್ 16ರಂದು, ಅದೇ ಹೈಬರಿಯಲ್ಲಿ. ಮರುವರ್ಷವೇ ಇಂಗ್ಲಿಷ್ ಕಪ್ಪಿನ ಫೈನಲ್ ಪಂದ್ಯವನ್ನು ಪೂರ್ತಿಯಾಗಿ ತೋರಿಸಿದರು. ವಿವರಣೆಗಾರರು ವುಡ್ರಫ್ ಎಂಬವರು. ಹೆಚ್ಚುವರಿ ಕಾಲದ ಕೊನೆಯವರೆಗೂ ಗೋಲಾಗದಿರಲು, ಇನ್ನು ಗೋಲಾದರೆ ನನ್ನ ಟೋಪಿಯನ್ನೇ ತಿನ್ನುವೆನೆಂದು ಅವರು ಪಂಥ ನುಡಿದರಂತೆ. ಮರುಗಳಿಗೆಯೇ ಪ್ರೆಸ್ಟನ್ ತಂಡಕ್ಕೆ ಪೆನಾಲ್ಟಿ ದೊರೆತು, ಮಚ್ ಎಂಬ ಆಟಗಾರ ಗೋಲು ಹೊಡೆದ. ವುಡ್ರಫ್ ಮಾತಿಗೆ ತಪ್ಪಲಿಲ್ಲ. ಟೋಪಿಯ ಆಕಾರದಲ್ಲಿ ಮಾಡಿಸಿದ ಒಂದು ಕೇಕನ್ನು ತಿಂದರು. ತೋರಿಸುವ ಪೆಟ್ಟಿಗೆಯಲ್ಲಿ ಮಾತು ಹೆಚ್ಚಾದರೆ ಏನಾಗುವುದೆಂಬುದು ಅದರ ಬಾಲ್ಯದಲ್ಲಿಯೇ ಹೀಗೆ ತಿಳಿದುಹೋಯಿತು. ಆದರೆ ಆಮೇಲಿನವರು ಟೋಪಿ ತಿನ್ನುವುದನ್ನು ಬಿಟ್ಟರೇ ಹೊರತು ಮಾತನ್ನು ಬಿಡಲಿಲ್ಲ.

ಕಾಣುವವನಿಗೆ ಹೇಳಬೇಕಾದುದು ಏನೂ ಇಲ್ಲವೆಂದು ನನ್ನ ಅಭಿಪ್ರಾಯವಲ್ಲ. ಬಹಳವಿದೆ, ಆದರೆ ಅದು ಬೇರೆ. ಇದಕ್ಕೆ ನಮ್ಮಲ್ಲಿಯೇ ಒಂದು ಮಾದರಿಯುಂಟು. ಗಮಕಿಗಳು ಕುಮಾರವ್ಯಾಸನ ಭಾರತವನ್ನು ಓದುವಾಗ ಪಕ್ಕದಲ್ಲಿ ವ್ಯಾಖ್ಯಾನಕಾರರು ಕುಳಿತಿರುತ್ತಾರೆ. ಗಮಕಿಯು ಪದ್ಯವನ್ನು ಹಾಡಿ ಮುಗಿಸುವವರೆಗೆ ಅವರು ತುಟಿ ತೆರೆಯುವುದಿಲ್ಲ. ಹಾಡಿದ ಮೇಲೆ, ಈಗ ಗಮಕಿಗಳು ಹಾಡಿದರು ಎಂದೂ ಹೇಳುವುದಿಲ್ಲ; ಅದು ಎಲ್ಲರ ಕಿವಿಗೂ ಬಿದ್ದಿದೆ. ಕವಿ ಈ ಮಾತನ್ನು ಇಲ್ಲಿ ಏಕೆ ಇಟ್ಟ, ಕರ್ಣನು ಹೀಗೆ ನುಡಿಯುವುದಕ್ಕೆ ಹಿಂದಿನ ಪರ್ವದಲ್ಲಿ ನಡೆದುದೇನು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿ, ಮುಂದಿನ ಪದ್ಯಕ್ಕೆ ದಾರಿ ಬಿಡುತ್ತಾರೆ. ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳದಿದ್ದುದನ್ನು ಕೊಡುವುದೇ ಅವರ ಕೆಲಸ. ಇಂಗ್ಲಿಷಿನವರು ಆಟದ ವಿವರಣೆಗೆ ಒಬ್ಬ ವರ್ಣಿಸುವವನನ್ನೂ ಅವನ ಪಕ್ಕದಲ್ಲಿ ಒಬ್ಬ ಹಳೆಯ ಆಟಗಾರನನ್ನೂ ಕೂಡಿಸಿರುವುದು ಇದೇ ಏರ್ಪಾಡು. ಆದರೆ ನಾವು ಈಗ ಕೇಳುವ ಬಹುಮಟ್ಟಿನ ಕಾಲ್ಚೆಂಡಾಟದ ವಿವರಣೆಯಲ್ಲಿ ಇಬ್ಬರೂ ಒಟ್ಟಿಗೆ ಹಾಡುತ್ತಾರೆ. ವ್ಯಾಖ್ಯಾನ ಮಾತ್ರ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಕುರುಕ್ಷೇತ್ರ ನಾಟಕವನ್ನು ಆಡದ ಊರು ವಿರಳ. ಗುಬ್ಬಿ ವೀರಣ್ಣನವರ ಕಂಪೆನಿ ರಂಗದ ಮೇಲೆ ನಿಜವಾದ ಆನೆಕುದುರೆಗಳನ್ನೇ ತಂದು ಆ ನಾಟಕವನ್ನು ಆಡಿತೆಂಬುದು ಪ್ರಸಿದ್ಧ. ಆನೆಯನ್ನು ಕಂಡಮೇಲೆ, ಆನೆ ಬಂತು ಎಂದು ಕೂಗುವವನೊಬ್ಬ ಅಲ್ಲಿ ಬೇಕಾಗಿರಲಿಲ್ಲ.

ಕೂಗಿನ ವಿಚಾರದಲ್ಲಿ ಒಂದು ಮಾತು. 1986ರ ವಿಶ್ವಕಪ್ಪಿನಲ್ಲಿ, ಜೂನ್ 22ರಂದು, ಮರಡೋನ ಅರ್ಧ ಮೈದಾನವನ್ನು ಒಬ್ಬನೇ ದಾಟಿ ಇಂಗ್ಲೆಂಡಿನ ಮೇಲೆ ಹೊಡೆದ ಗೋಲನ್ನು ವಿವರಿಸುತ್ತ ವಿಕ್ಟರ್ ಹ್ಯೂಗೋ ಮೊರಾಲೆಸ್ ಎಂಬ ಉರುಗ್ವೆ ದೇಶದ ವಿವರಣೆಗಾರರು ಅಳುದನಿಯಲ್ಲಿ ಕೂಗಿದುದು ಜಗತ್ತಿಗೆಲ್ಲ ಗೊತ್ತು. ಗೋಲಿನ ಚಿತ್ರಕ್ಕೆ ಈಗ ಎಲ್ಲರೂ ಆ ದನಿಯನ್ನು ಜೋಡಿಸಿ ಕೇಳುತ್ತಾರೆ. ಆದರೆ ಅವರು ಮಾತನಾಡುತ್ತಿದ್ದುದು ರೇಡಿಯೋದಲ್ಲಿ! ಕಾಣದವರಿಗಾಗಿ, ಓಟದ ಒಂದೊಂದು ಹೆಜ್ಜೆಯನ್ನೂ ಹೇಳುತ್ತ ಬಂದು, ಕೊನೆಗೆ ಕೂಗಿದರು. ಅವರನ್ನು ಅನುಕರಿಸುವ ಟೆಲಿವಿಷನ್ನಿನವರು ಹೆಜ್ಜೆಗಳನ್ನು ಬಿಟ್ಟು ಕೂಗನ್ನು ಮಾತ್ರ ತೆಗೆದುಕೊಂಡರು.

ಇನ್ನು ಕನ್ನಡದ ಮಾತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಇತರ ಕೆಲವು ಭಾಷೆಗಳೊಡನೆ ಕನ್ನಡದಲ್ಲಿಯೂ ವಿವರಣೆ ಕೇಳಿಬಂದಿತು. ನಮಗೆಲ್ಲ ಬಹಳ ಸಂತೋಷವಾಯಿತು. ಆ ಬಗೆಯ ವಿವರಣೆಯನ್ನು ಅಲ್ಲಿಂದೀಚೆಗೆ ನಾನು ಬೇರೆ ಬೇರೆ ಕಡೆ ಕೇಳಿದ್ದೇನೆ. ಅದರಲ್ಲಿ ದುಡಿದವರ ಕಷ್ಟವನ್ನು ಬಲ್ಲೆನಾದ್ದರಿಂದ ಹಗುರಾಗಿ ಮಾತನಾಡಲಾರೆ. ಕಷ್ಟವೆಂದರೆ ನಮ್ಮ ವಾಕ್ಯದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಬಲಗಡೆಯಿಂದ ತೇಲಿಬಂದ ಚೆಂಡನ್ನು ಎದೆಯಿಂದ ತಡೆದು ನೆಲಕ್ಕಿಳಿಸಿ ಗೋಲಿನ ಕಡೆಗೆ ಬಲವಾಗಿ ಒದ್ದಿದ್ದಾರೆ" ಎಂದು ವಿವರಣೆಗಾರನು ವ್ಯಾಕರಣಶುದ್ಧವಾಗಿ ಮುಗಿಸುವ ಹೊತ್ತಿಗೆ ಗೋಲ್‌ಕೀಪರು ಚೆಂಡನ್ನು ಹಿಡಿದು, ಎಸೆದು, ಆಟ ಆ ಕಡೆಯ ಗೋಲಿನ ಹತ್ತಿರ ನಡೆಯುತ್ತಿರುತ್ತದೆ. ಮೇಲೆ ಗೌರವದ ಬಹುವಚನ ಬೇರೆ! ಕ್ರಿಕೆಟ್ಟಿನಲ್ಲಿ ಇದು ಬಾಧಕವಲ್ಲ. ಒಂದು ಚೆಂಡಿಗೂ ಇನ್ನೊಂದು ಚೆಂಡಿಗೂ ನಡುವೆ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಬಿಡುವಿದೆ. ಕಾಲ್ಚೆಂಡಾಟದಲ್ಲಿ ಬಿಡುವೆಲ್ಲಿ? ಕ್ರಿಕೆಟ್ಟಿನ ವಾಕ್ಯವನ್ನೇ ಎತ್ತಿ ತಂದು ಇಲ್ಲಿ ಇಟ್ಟದ್ದು ನಮ್ಮವರ ಮೊದಲನೆಯ ತಪ್ಪು.

ಭಾಷೆಯ ರಚನೆಯನ್ನು ದೂರಿ ಫಲವಿಲ್ಲ. ಬಂಗಾಳಿಯಲ್ಲಿಯೂ ಕ್ರಿಯಾಪದ ಕೊನೆಗೇ ಬರುತ್ತದೆ. ಆದರೂ ಅಜಯ್ ಬಸು, ಕಮಲ್ ಭಟ್ಟಾಚಾರ್ಯ, ಪುಷ್ಪೇನ್ ಸರ್ಕಾರ್ ಮೊದಲಾದವರು ಕಲ್ಕತ್ತೆಯ ರೇಡಿಯೋದಲ್ಲಿ ಕಾಲ್ಚೆಂಡಾಟವನ್ನು ಹೇಳುತ್ತಿದ್ದ ಕಾಲವನ್ನು ಬಂಗಾಳದ ಹಿರಿಯರು ಇಂದಿಗೂ ನೆನೆಯುತ್ತಾರೆ. ಮಲಯಾಳವೂ ನಮ್ಮ ಭಾಷೆಯ ತಂಗಿ. ಸೂಪರ್ ಲೀಗಿನ ಮಲಯಾಳ ವಿವರಣೆಯಿಂದ ಶೈಜು ದಾಮೋದರನ್ ಅವರ ದನಿ ಅಲ್ಲಿ ಮನೆಮಾತಾಗಿದೆ. ಅವರದು ನಾನು ಬಯಸುವ ಮಿತಭಾಷೆಯೇನಲ್ಲ. ಆದರೆ ಅವರ ನುಡಿ ಮಲಯಾಳದ ನುಡಿ, ತರ್ಜುಮೆಯಲ್ಲ. ನಮ್ಮ ಹೋಟೆಲಿನ ಮಲಯಾಳದ ಹುಡುಗರು ಅದನ್ನು ಕೇಳಿ ನಗುವಾಗ ನನಗೆ ಹೊಟ್ಟೆಕಿಚ್ಚಾದದ್ದುಂಟು.

ಕನ್ನಡದಲ್ಲಿಯೂ ದಾರಿ ಇದೆ; ಅದು ಮೈದಾನದಲ್ಲಿ ಆಡುವ ಹುಡುಗರ ಬಾಯಲ್ಲಿದೆ. ಅವರು ಕ್ರಿಯಾಪದಕ್ಕಾಗಿ ಕಾಯುವುದಿಲ್ಲ. "ಉದಾಂತ. ಗೆರೆಯಂಚು. ಒಳಕ್ಕೆ. ಛೇತ್ರಿ!" ಹೆಸರು, ಸ್ಥಳ, ದಿಕ್ಕು, ಮತ್ತೆ ಹೆಸರು. ಅಷ್ಟರಲ್ಲಿ ಕನ್ನಡವೂ ಇದೆ, ಆಟವೂ ಇದೆ. ಆಫ್‌ಸೈಡು, ಕಾರ್ನರು, ಪೆನಾಲ್ಟಿ ಇವುಗಳಿಗೆ ಹೊಸ ಸಂಸ್ಕೃತ ಪದಗಳನ್ನು ಕಟ್ಟಬೇಕೆಂದು ಕೆಲವರು ಹೇಳುತ್ತಾರೆ. ನಾನು ಒಪ್ಪೆ. ರಸ್ತೆಯಲ್ಲಿ ಆಡುವ ಹುಡುಗನಿಗೆ ಆ ಮಾತುಗಳು ಆಗಲೇ ಕನ್ನಡವಾಗಿವೆ. ನಾವು ಬಳಸಿಕೊಳ್ಳಬೇಕಾದುದು ನಮ್ಮ ಕ್ರಿಯಾಪದಗಳನ್ನು: ಚೆಂಡು ಜಾರುತ್ತದೆ, ಪುಟಿಯುತ್ತದೆ, ಸವರಿಕೊಂಡು ಹೋಗುತ್ತದೆ, ಆಟಗಾರ ನುಸುಳುತ್ತಾನೆ, ಮುಗ್ಗರಿಸುತ್ತಾನೆ, ಅಡ್ಡಗಾಲು ಕೊಡುತ್ತಾನೆ. ಇಷ್ಟೊಂದು ಸಂಪತ್ತಿರುವಾಗ ಎಲ್ಲಕ್ಕೂ "ಅದ್ಭುತ ಪ್ರದರ್ಶನ ನೀಡಿದ್ದಾರೆ" ಎಂಬ ಒಂದೇ ನಾಣ್ಯವನ್ನು ಚಲಾಯಿಸುವುದು ಜಿಪುಣತನ.

2022ರ ಡಿಸೆಂಬರ್ 18ರ ರಾತ್ರಿ ನೆನಪಾಗುತ್ತದೆ. ಕತಾರಿನಲ್ಲಿ ಅರ್ಜೆಂಟೀನಕ್ಕೂ ಫ್ರಾನ್ಸಿಗೂ ವಿಶ್ವಕಪ್ಪಿನ ಕೊನೆಯ ಪಂದ್ಯ. ಆ ವಿಶ್ವಕಪ್ಪನ್ನು ನಮ್ಮ ದೇಶದಲ್ಲಿ ಅಂತರ್ಜಾಲದ ಮೂಲಕ ಐದು ಭಾಷೆಗಳಲ್ಲಿ ಕೇಳಬಹುದಾಗಿತ್ತು: ಇಂಗ್ಲಿಷ್, ಹಿಂದಿ, ಬಂಗಾಳಿ, ತಮಿಳು, ಮಲಯಾಳ. ಹೋಟೆಲಿನಲ್ಲಿ ಗೋಡೆಯ ಮೇಲೆ ಒಂದು ಚಿತ್ರ. ಬಂಗಾಳದವನು ತನ್ನ ದೂರವಾಣಿಯಲ್ಲಿ ಬಂಗಾಳಿಯನ್ನು ಕಿವಿಗೆ ಸಿಕ್ಕಿಸಿಕೊಂಡ, ಮಲಯಾಳದವನು ಮಲಯಾಳವನ್ನು. ಆ ನೆಲದಲ್ಲಿಯೇ ಹುಟ್ಟಿದ ನಮ್ಮ ಹುಡುಗರು, ಹಿಂದಿ ಬರುತ್ತಿದ್ದವರು ಹಿಂದಿಯನ್ನು ಕೇಳಿದರು, ಬಾರದವರು ಸುಮ್ಮನೆ ನೋಡಿದರು. ಪಂದ್ಯವೋ, ಮೂರು ಮೂರು ಗೋಲುಗಳ ಸಮವಾಗಿ, ಕಡೆಗೆ ಪೆನಾಲ್ಟಿಗಳಲ್ಲಿ ಅರ್ಜೆಂಟೀನ ಗೆದ್ದಿತು. ಸುಮ್ಮನೆ ನೋಡಿದವರಿಗೂ ಕಡಮೆ ಆನಂದವಾಗಲಿಲ್ಲವೆಂದು ಹೇಳಬೇಕು; ಇದು ನನ್ನ ವಾದಕ್ಕೆ ವಿರೋಧವಾದರೂ ನಿಜ.

ಕನ್ನಡನಾಡಿಗೆ ಕಾಲ್ಚೆಂಡಾಟ ಪರದೇಶಿಯೆಂದು ಯಾರಾದರೂ ಉತ್ತರ ಕೊಡಬಹುದು. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ 1937ರಲ್ಲಿಯೂ 1938ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಮೈಸೂರು ತಂಡ 1946-47ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ತಂದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಸ್ವತಂತ್ರ ಭಾರತದ ಮೊದಲನೆಯ ಒಲಿಂಪಿಕ್ ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಅಂದು ಬರಿಗಾಲಿನವರು. ಮೈಸೂರು ರಾಜ್ಯ 1968-69ರಲ್ಲಿ ಮತ್ತೆ ಸಂತೋಷ್ ಟ್ರೋಫಿಯನ್ನು ಗೆದ್ದಮೇಲೆ ಐವತ್ತನಾಲ್ಕು ವರ್ಷ ನಾವು ಕಾದೆವು. ಛೇತ್ರಿಯ ಆ ಫ್ರೀ ಕಿಕ್ಕಿನ ಮರುದಿನವೇ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಅದನ್ನು ಮರಳಿ ಪಡೆಯಿತು. ಹಿಂದಿನ ರಾತ್ರಿ ಲೋಟ ಒಡೆದ ಹೋಟೆಲಿನಲ್ಲಿ ಆ ದಿವಸ ಇದನ್ನು ಬಲ್ಲವರು ಇಬ್ಬರೋ ಮೂವರೋ. ನಾನು ಮೇಲೆ ವ್ಯಾಖ್ಯಾನವೆಂದು ಕರೆದೆನಲ್ಲ, ಈ ಸಂಗತಿಗಳು ಅದರ ಸಾಮಗ್ರಿ. ಚೆಂಡು ಗೆರೆಯಿಂದಾಚೆ ಹೋಗಿ, ಎಸೆಯುವವನು ಬೆವರೊರೆಸಿಕೊಳ್ಳುವ ಅರ್ಧ ನಿಮಿಷದಲ್ಲಿ ರಾಮನ್ ಅವರ ಹೆಸರನ್ನು ಹೇಳಬಹುದು. ಅಂತಹ ಅರ್ಧ ನಿಮಿಷಗಳಲ್ಲಿ ನಾನು ಕೇಳಿರುವುದು ಹೆಚ್ಚಾಗಿ ಮುಂದಿನ ಕಾರ್ಯಕ್ರಮದ ಜಾಹೀರಾತು.

ಇಷ್ಟೆಲ್ಲ ದೋಷ ಹೇಳಿದವನು ತಾನೇ ಒಮ್ಮೆ ವಿವರಣೆಗೆ ನಿಂತ ಕಥೆಯನ್ನೂ ಹೇಳಬೇಕಾದುದು ನ್ಯಾಯ. 2019ರ ಮಾರ್ಚ್ 17. ಮುಂಬಯಿಯಲ್ಲಿ ಬೆಂಗಳೂರು ಮತ್ತು ಗೋವಾ ತಂಡಗಳ ನಡುವೆ ಸೂಪರ್ ಲೀಗಿನ ಫೈನಲ್. ಪೆಟ್ಟಿಗೆಯ ಮಾತಿನಿಂದ ಏನೂ ತಿಳಿಯುವುದಿಲ್ಲವೆಂದು ಅಣ್ಣ ಅದರ ದನಿಯನ್ನು ತಗ್ಗಿಸಿಸಿ, "ನೀನೇ ಹೇಳೋ" ಎಂದರು. ಸಂಜಯನ ಪೀಠ! ಐದು ನಿಮಿಷದಲ್ಲಿ ನನ್ನ ನಾಲಗೆ ಒಣಗಿತು. ನಾನು ಹೇಳುತ್ತಿದ್ದುದೆಲ್ಲ, ಆಹಾ, ಅಯ್ಯೋ, ತಪ್ಪಿತು, ಬಂತು ಬಂತು. ಅಣ್ಣನ ಪ್ರಶ್ನೆಗಳು ಮೂರೇ: ಚೆಂಡೆಲ್ಲಿ? ಯಾರ ಕಾಲಲ್ಲಿ? ಯಾವ ಕಡೆಗೆ? ಮೂರಕ್ಕೂ ಒಂದೇ ಸಲ ಉತ್ತರ ಕೊಡುವುದು ನನ್ನಿಂದಾಗಲಿಲ್ಲ. ಆಟ ಹೆಚ್ಚುವರಿ ಕಾಲಕ್ಕೆ ಹೋಯಿತು. 117ನೆಯ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದರು, ರಾಹುಲ್ ಭೇಕೆ ತಲೆಯಿಂದ ಗೋಲು ಹೊಡೆದರು. ಆ ಗೋಲಿನಿಂದಲೇ ಬೆಂಗಳೂರು ಗೆದ್ದಿತು. ಅದನ್ನು ನಾನು ಅಣ್ಣನಿಗೆ ಹೇಳಲೇ ಇಲ್ಲ. ಎದ್ದು ನಿಂತು ಕೂಗಿಬಿಟ್ಟೆ. ಗೋಲು ಹೊಡೆದವರು ಯಾರೆಂಬುದು ಅವರಿಗೆ ತಿಳಿದದ್ದು ಎರಡು ನಿಮಿಷವಾದ ಮೇಲೆ.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಲಾರೆ. ಕಾಣುವವರ ಹಿತಕ್ಕಾಗಿ ಟೆಲಿವಿಷನ್ನಿನ ವಿವರಣೆಗಾರ ಮೌನವಾಗಿರಲಿ ಎಂದು ನಾನು ಇಷ್ಟುಹೊತ್ತು ವಾದಿಸಿದೆ. ಆ ಮೌನ ನಮ್ಮಣ್ಣನಿಗೆ ಕತ್ತಲೆ. ಅವರಿಗೆ ಬೇಕಾದುದು 1927ರ ಚೌಕಗಳು. ಇಬ್ಬರನ್ನೂ ಒಂದೇ ಮಾತು ತೃಪ್ತಿಪಡಿಸಲಾರದು. 2022ರ ಕತಾರಿನ ವಿಶ್ವಕಪ್ಪಿನಲ್ಲಿ ದೃಷ್ಟಿಯಿಲ್ಲದವರಿಗಾಗಿಯೇ ಅರಬ್ಬಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಪ್ರತ್ಯೇಕವಾದ ವಿವರಣೆಯನ್ನು ಏರ್ಪಡಿಸಿದ್ದರು. ಒಂದೇ ಚಿತ್ರಕ್ಕೆ ಐದು ಭಾಷೆಗಳನ್ನು ಕೂಡಿಸಬಲ್ಲ ಯಂತ್ರಕ್ಕೆ ಆರನೆಯದಾಗಿ ಇದನ್ನು ಕೂಡಿಸುವುದು ಭಾರವಲ್ಲ. ಅಥವಾ, ಮೈಸೂರಿನಲ್ಲಿ 1935ರಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಯಂತ್ರವನ್ನಿಟ್ಟು ಆಕಾಶವಾಣಿಯನ್ನು ಆರಂಭಿಸಿದ ಈ ನಾಡಿನಲ್ಲಿ, ಕಂಠೀರವ ಕ್ರೀಡಾಂಗಣದ ಪಂದ್ಯವನ್ನು ಕನ್ನಡದಲ್ಲಿ ರೇಡಿಯೋದವರೇ ಹೇಳಬಹುದು. ಈ ಮಾತನ್ನು ಇದೇ ಪೆಟ್ಟಿಗೆಯ ಮುಂದೆ ಹೇಳುವ ಅವಕಾಶಕ್ಕಾಗಿಯೇ ನಾನು ಇಂದಿನ ಭಾಷಣವನ್ನು ಒಪ್ಪಿಕೊಂಡದ್ದು.

ಅಷ್ಟರವರೆಗೆ ನಮ್ಮ ಮನೆಯಲ್ಲಿ ಒಂದು ಏರ್ಪಾಡಾಗಿದೆ. ಎದುರುಮನೆಯ ಹುಡುಗ, ಎಂಟನೆಯ ತರಗತಿಯವನು, ಪಂದ್ಯವಿರುವ ರಾತ್ರಿ ಬಂದು ಅಣ್ಣನ ಪಕ್ಕದಲ್ಲಿ ಕೂರುತ್ತಾನೆ. ನನ್ನನ್ನು ಪೀಠದಿಂದ ಇಳಿಸಲಾಗಿದೆ. ಅಣ್ಣ ತಮ್ಮ ಎಡಗೈಯನ್ನು ಮುಂದಕ್ಕೆ ಚಾಚುತ್ತಾ
ರೆ, ಅಂಗೈ ಮೈದಾನ, ಮಣಿಕಟ್ಟು ನಮ್ಮ ಗೋಲು, ಬೆರಳ ತುದಿ ಅವರದು. ಹುಡುಗ ಕಣ್ಣನ್ನು ಚಿತ್ರದ ಮೇಲಿಟ್ಟು, ತನ್ನ ಬೆರಳನ್ನು ಆ ಅಂಗೈಯ ಮೇಲೆ ಓಡಿಸುತ್ತ, ಹೆಸರುಗಳನ್ನು ಮಾತ್ರ ಹೇಳುತ್ತಾನೆ. ಮೊನ್ನೆ ಗೋಲಾದಾಗ ಅವನೂ ನನ್ನಂತೆಯೇ ಎಗರಿ ಕೂಗಿದ. ಅಣ್ಣ ಅವನ ಕೈಯನ್ನು ಬಿಡದೆ ಹಿಡಿದುಕೊಂಡು, "ಕೂಗ್ಬೇಡ ಮಗಾ, ಎಲ್ಲಿಂದ ಒದ್ದ ತೋರ್ಸು" ಎಂದರು.